6–7ನೇ ತರಗತಿ ಗಣಿತಕ್ಕೆ ಸಂಖ್ಯಾ ಪಜಲ್: ಸುಡೊಕು ಸಾಕೇ, ಕೆನ್‌ಕೆನ್ ಬೇಕೇ?

ಪ್ರಶ್ನೆ: ಸೀಮೆಸುಣ್ಣ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕನ್ನಡ ಮಾಧ್ಯಮ, 6 ಮತ್ತು 7ನೇ ತರಗತಿ. ಒಂದೊಂದು ತರಗತಿಯಲ್ಲೂ 40ರ ಆಸುಪಾಸು ಮಕ್ಕಳು, 40 ನಿಮಿಷದ ಪೀರಿಯಡ್. ವಾರಕ್ಕೊಂದು ಪೀರಿಯಡ್ಡನ್ನು ಸಂಖ್ಯಾ ಪಜಲ್‌ಗಳಿಗೆ ಮೀಸಲಿಡಬೇಕೆಂದಿದೆ. ಸದ್ಯ ಪೇಪರಿನಲ್ಲಿ ಬರುವ ಸುಡೊಕುವನ್ನೇ ಬೋರ್ಡಿನ ಮೇಲೆ ಬರೆದು ಮಾಡಿಸುತ್ತಿದ್ದೇನೆ. ಐದಾರು ಮಕ್ಕಳು ಬೇಗ ಮುಗಿಸುತ್ತಾರೆ, ಉಳಿದವರು ಅವರದನ್ನು ನೋಡಿ ಬರೆದುಕೊಳ್ಳುತ್ತಾರೆ. ಮಗ್ಗಿ ಬರದ ಮಕ್ಕಳಿಗೆ ಇದರಿಂದ ಏನಾದರೂ ಪ್ರಯೋಜನವಿದೆಯೇ ಎಂಬುದೇ ಅನುಮಾನ.

ಗೊತ್ತಿದ್ದವರು ದಯವಿಟ್ಟು ತಿಳಿಸಿ. ಸುಡೊಕುವನ್ನು ಗಣಿತ ಎಂದು ಲೆಕ್ಕಕ್ಕೆ ಹಿಡಿಯಬಹುದೇ? ಅಪವರ್ತನ, ಪೂರ್ಣಾಂಕ, ಬೀಜೋಕ್ತಿ ಪಾಠಗಳಿಗೆ ಹೊಂದುವ ಪಜಲ್‌ಗಳು ಯಾವುವು? ಶಾಲೆಯಲ್ಲಿ ಪ್ರಿಂಟರ್ ಇಲ್ಲ. ನಾವೇ ತಯಾರಿಸುವುದಾದರೆ ಹೇಗೆ? ಕೊನೆಯದಾಗಿ, ಮಗು ಯೋಚಿಸಿ ಬಿಡಿಸಿತೋ ಊಹೆ ಮಾಡಿ ತುಂಬಿತೋ ಎಂದು ಕಂಡುಹಿಡಿಯುವುದು ಹೇಗೆ?

ಉತ್ತರ 1: ಕೂಡುಕಳೆ

ಮೇಡಂ, ಮೊದಲು ಸುಡೊಕು ವಿಷಯ. ಅದರಲ್ಲಿ ಅಂಕಿಗಳ ಬದಲು ಅ, ಆ, ಇ, ಈ ಬರೆದರೂ ಪಜಲ್ ಹಾಗೇ ನಡೆಯುತ್ತದೆ. ಕೂಡುವುದಿಲ್ಲ, ಗುಣಿಸುವುದಿಲ್ಲ. ತರ್ಕ ಇದೆ, ಅದು ಗಣಿತವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗ್ಗಿ ಬರದ ಮಗುವಿಗೆ ಸುಡೊಕುವಿನಿಂದ ಮಗ್ಗಿ ಬರುವುದಿಲ್ಲ. ಹಾಗಾಗಿ 4×4 ಸುಡೊಕುವನ್ನು ಮೊದಲ ಒಂದೆರಡು ವಾರ ಮಾತ್ರ ಇಟ್ಟುಕೊಳ್ಳಿ. 'ಈ ಸಾಲಿನಲ್ಲಿ 3 ಆಗಲೇ ಇದೆ, ಆದ್ದರಿಂದ ಇಲ್ಲಿ 3 ಬರದು' ಎಂಬ ಒಂದು ವಾಕ್ಯ ಮಕ್ಕಳ ಬಾಯಲ್ಲಿ ಸರಾಗವಾಗಿ ಬಂದರೆ ಅದರ ಕೆಲಸ ಮುಗಿಯಿತು. 9×9 ತರಗತಿಗೆ ಬೇಡ. 40 ನಿಮಿಷಕ್ಕೆ ಮುಗಿಯುವುದಿಲ್ಲ, ನಡುವೆ ಎಲ್ಲೋ ಒಂದು ಅಂಕಿ ತಪ್ಪಿದ್ದು ಕೊನೆಯಲ್ಲಿ ಗೊತ್ತಾಗುತ್ತದೆ, ಎಲ್ಲಿ ತಪ್ಪಿತೆಂದು ಹುಡುಕಲಿಕ್ಕೂ ಆಗುವುದಿಲ್ಲ.

ಆಮೇಲೆ ಕೆನ್‌ಕೆನ್‌ಗೆ ಬನ್ನಿ. ಜಪಾನಿನ ಯೊಕೊಹಾಮಾದ ಗಣಿತ ಶಿಕ್ಷಕ ತೆತ್ಸುಯಾ ಮಿಯಾಮೊಟೊ 2004ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿಯೇ ರೂಪಿಸಿದ ಪಜಲ್ ಇದು. ಪತ್ರಿಕೆಗಳಿಗೆ ಬಂದದ್ದು ಆಮೇಲೆ: ಲಂಡನ್ನಿನ ಟೈಮ್ಸ್ 2008ರಲ್ಲಿ, ನ್ಯೂಯಾರ್ಕ್ ಟೈಮ್ಸ್ 2009ರಲ್ಲಿ ಶುರು ಮಾಡಿದವು. ಕೆನ್‌ಕೆನ್ ಎಂಬುದು ನೋಂದಾಯಿತ ಹೆಸರಾದ್ದರಿಂದ ಇದೇ ಪಜಲ್ ಬೇರೆ ಕಡೆ ಕ್ಯಾಲ್ಕುಡೊಕು, ಮ್ಯಾತ್‌ಡೊಕು ಎಂದೆಲ್ಲ ಸಿಗುತ್ತದೆ. ಹುಡುಕುವಾಗ ಮೂರೂ ಹೆಸರು ಹಾಕಿ ನೋಡಿ.

ನಿಯಮ ಇಷ್ಟೇ. 4×4 ಚೌಕವಾದರೆ ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ 1ರಿಂದ 4ರವರೆಗಿನ ಅಂಕಿಗಳು ತಲಾ ಒಂದು ಸಲ ಬರಬೇಕು. ಸುಡೊಕುವಿನ ಹಾಗೆ ಒಳಚೌಕಗಳಿಲ್ಲ. ಅದರ ಬದಲು ದಪ್ಪ ಗೆರೆಯಿಂದ ಸುತ್ತುವರಿದ ಗುಂಪುಗಳಿರುತ್ತವೆ. ಗುಂಪಿನ ಮೂಲೆಯಲ್ಲಿ '12×' ಎಂದಿದ್ದರೆ ಆ ಮನೆಗಳ ಅಂಕಿಗಳ ಗುಣಲಬ್ಧ 12. '2−' ಎಂದಿದ್ದರೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 2.

ಒಂದು ಪೂರ್ತಿ ಉದಾಹರಣೆ ಕೊಡುತ್ತೇನೆ, ಬೋರ್ಡಿನ ಮೇಲೆ ಹಾಗೇ ಬರೆಯಬಹುದು. ಕಂಬಸಾಲುಗಳಿಗೆ ಎಡದಿಂದ ಕ, ಖ, ಗ, ಘ ಎಂದೂ ಅಡ್ಡಸಾಲುಗಳಿಗೆ ಮೇಲಿನಿಂದ 1, 2, 3, 4 ಎಂದೂ ಹೆಸರಿಡಿ. ಹೆಸರಿಟ್ಟರೆ ಮಕ್ಕಳು ಬೆರಳು ತೋರಿಸುವುದನ್ನು ಬಿಟ್ಟು 'ಗ2' ಎಂದು ಮಾತಾಡಲು ಶುರು ಮಾಡುತ್ತಾರೆ.

ಕ1, ಕ2: 3+
ಖ1, ಖ2: 12×
ಗ1, ಘ1: 2−
ಗ2, ಘ2: 2÷
ಕ3, ಕ4: 1−
ಖ3, ಗ3: 2×
ಘ3: 4
ಖ4, ಗ4: 5+
ಘ4: 1

ಮೊದಲು ಘ3ರಲ್ಲಿ 4, ಘ4ರಲ್ಲಿ 1 ಬರೆಯಿಸಿ, ಅವು ಕೊಟ್ಟೇ ಇವೆ. ಆಮೇಲೆ ಒಂದೇ ಜೋಡಿಗೆ ಅವಕಾಶವಿರುವ ಗುಂಪುಗಳನ್ನು ಹುಡುಕಲು ಹೇಳಿ. 3+ ಎಂದರೆ 1, 2. 12× ಎಂದರೆ 3, 4. 2× ಎಂದರೆ 1, 2. ಯಾವುದು ಯಾವ ಮನೆಗೆ ಎಂದು ಈಗಲೇ ಗೊತ್ತಾಗುವುದಿಲ್ಲ; ಮನೆಯ ಮೂಲೆಯಲ್ಲಿ ಚಿಕ್ಕದಾಗಿ ಎರಡೂ ಅಂಕಿ ಬರೆದಿಟ್ಟರೆ ಸಾಕು. ಕ ಕಂಬದಲ್ಲಿ 1, 2 ಮೇಲೆ ಹೋದವು, ಕೆಳಗೆ ಉಳಿದದ್ದು 3, 4. ಮೂರನೇ ಅಡ್ಡಸಾಲಿನಲ್ಲಿ 4 ಆಗಲೇ ಇದೆ. ಹಾಗಾಗಿ ಕ3 = 3, ಕ4 = 4.

ಇಲ್ಲಿಗೆ ಬಂದು ಮಕ್ಕಳು ನಿಲ್ಲುತ್ತಾರೆ. ಮೇಲಿನ ಎರಡು ಸಾಲಿನಲ್ಲಿ 2− ಎಂದರೆ 1, 3 ಇರಬಹುದು, 2, 4 ಇರಬಹುದು. 2÷ ಎಂದರೆ 1, 2 ಇರಬಹುದು, 2, 4 ಇರಬಹುದು. ಊಹೆ ಶುರುವಾಗುವುದು ಇಲ್ಲೇ. ಆಗ ಒಂದೇ ಪ್ರಶ್ನೆ ಕೇಳಿ: ಒಂದು ಅಡ್ಡಸಾಲಿನ ಮೊತ್ತ ಎಷ್ಟು? 1 + 2 + 3 + 4 = 10. ಎರಡು ಸಾಲಿಗೆ 20. ಅದರಲ್ಲಿ 3+ ಗುಂಪಿಗೆ 3 ಹೋಯಿತು, 12× ಗುಂಪಿಗೆ 3 + 4 = 7 ಹೋಯಿತು. ಉಳಿದದ್ದು 10. 2− ಗುಂಪಿನ ಮೊತ್ತ 4 ಅಥವಾ 6; 2÷ ಗುಂಪಿನ ಮೊತ್ತ 3 ಅಥವಾ 6. ಇವೆರಡೂ ಸೇರಿ 10 ಆಗುವುದು 4 + 6 ಆದಾಗ ಮಾತ್ರ. ಅಂದರೆ ಗ1, ಘ1ರಲ್ಲಿ 1, 3. ಗ2, ಘ2ರಲ್ಲಿ 2, 4. ಒಂದೂ ಊಹೆಯಿಲ್ಲ!

ಮುಂದಿನದು ಸರಸರನೆ ಬರುತ್ತದೆ. ಘ4ರಲ್ಲಿ 1 ಇರುವುದರಿಂದ ಘ1 = 3, ಗ1 = 1. ಆಗ ಕ1 = 2, ಖ1 = 4, ಕ2 = 1, ಖ2 = 3. ಘ3ರಲ್ಲಿ 4 ಇರುವುದರಿಂದ ಘ2 = 2, ಗ2 = 4. ಗ ಕಂಬದಲ್ಲಿ 1 ಮುಗಿದಿದೆ, ಹಾಗಾಗಿ ಗ3 = 2, ಖ3 = 1. ಕೊನೆಗೆ ಗ4 = 3, ಖ4 = 2.

2 4 1 3
1 3 4 2
3 1 2 4
4 2 3 1

ಈ 'ಸಾಲಿನ ಮೊತ್ತ' ಉಪಾಯವನ್ನು ನೀವಾಗಿಯೇ ಹೇಳಿಕೊಡಬೇಡಿ. ಸಿಕ್ಕಿಬಿದ್ದು ಎರಡು ನಿಮಿಷ ಒದ್ದಾಡಿದ ಮೇಲೆ 'ಸಾಲಿನ ಮೊತ್ತ ಎಷ್ಟು?' ಎಂದಷ್ಟೇ ಕೇಳಿ ಸುಮ್ಮನಾಗಿ. 6×6ರಲ್ಲಿ ಮೊತ್ತ 21, ಸಾಲಿನ ಗುಣಲಬ್ಧ 720. ಗುಣಾಕಾರದ ಗುಂಪುಗಳೇ ಹೆಚ್ಚಿರುವ ಪಜಲ್‌ನಲ್ಲಿ ಆ 720 ಇದೇ ರೀತಿ ಕೆಲಸಕ್ಕೆ ಬರುತ್ತದೆ.

6ನೇ ತರಗತಿಯ ಅಪವರ್ತನಗಳಿಗೆ 6×6 ಕೆನ್‌ಕೆನ್ ಹೇಳಿ ಮಾಡಿಸಿದಂತಿದೆ. ಮೂರು ಮನೆಯ ಗುಂಪಿಗೆ 60× ಕೊಟ್ಟರೆ 2, 5, 6 ಅಥವಾ 3, 4, 5 ಮಾತ್ರ. 30× ಕೊಟ್ಟರೆ 1, 5, 6 ಅಥವಾ 2, 3, 5. ಸುಳಿವು 5ರಿಂದ ಭಾಗವಾಗುತ್ತದೆ ಎಂದರೆ ಗುಂಪಿನಲ್ಲಿ 5 ಇರಲೇಬೇಕು, ಭಾಗವಾಗದಿದ್ದರೆ 5 ಇರಕೂಡದು. ಇಷ್ಟು ಗೊತ್ತಾದರೆ ಆರು ಸಾಲಿನಲ್ಲೂ 5ರ ಜಾಗ ಹುಡುಕುವ ಕೆಲಸ ಅರ್ಧ ಮುಗಿದಂತೆ. ಒಂದು ಎಚ್ಚರಿಕೆ: ನೇರ ಗುಂಪಿನಲ್ಲಿ ಅಂಕಿ ಮರುಕಳಿಸದು, ಆದರೆ ಮೂಲೆ ತಿರುಗಿದ ಗುಂಪಿನಲ್ಲಿ ಮರುಕಳಿಸಬಹುದು. 36× ನೇರ ಗುಂಪಿನಲ್ಲಿದ್ದರೆ 2, 3, 6 ಒಂದೇ. ಮೂಲೆ ತಿರುಗಿದ್ದರೆ ಎರಡು ತುದಿಗೆ 6, ಮೂಲೆಗೆ 1 ಬರಬಹುದು. ಎರಡು ತುದಿಗೆ 3, ಮೂಲೆಗೆ 4 ಕೂಡ ಬರಬಹುದು. ಮಕ್ಕಳು (ಎಷ್ಟೋ ಸಲ ಶಿಕ್ಷಕರೂ) 'ಗುಂಪಿನಲ್ಲಿ ಅಂಕಿ ಮರುಕಳಿಸಬಾರದು' ಎಂಬ ಇಲ್ಲದ ನಿಯಮವನ್ನು ಸೇರಿಸಿಕೊಂಡು ಉತ್ತರವೇ ಇಲ್ಲ ಎನ್ನುತ್ತಾರೆ. ಆ ನಿಯಮ ಕಾಕುರೊ ಎಂಬ ಇನ್ನೊಂದು ಸಂಖ್ಯಾ ಪಜಲ್‌ನದ್ದು, ಕೆನ್‌ಕೆನ್‌ನದ್ದಲ್ಲ.

ಉತ್ತರ 2: ಚೌಕಮನೆ

ಕೂಡುಕಳೆ ಸರ್ ಹೇಳಿದ್ದಕ್ಕೆ ನನ್ನ ಸಹಮತ ಇದೆ. ಪಜಲ್ ತಯಾರಿಸುವ ಬಗ್ಗೆ ಮಾತ್ರ ನಾನು ಹೇಳುತ್ತೇನೆ, ಏಕೆಂದರೆ ತರಗತಿಯಲ್ಲಿ ಪಜಲ್ ಕೆಡುವುದು ಬಹುಪಾಲು ಅಲ್ಲೇ.

ಸುಳಿವುಗಳಿಂದ ಶುರು ಮಾಡಬೇಡಿ, ಉತ್ತರದಿಂದ ಶುರು ಮಾಡಿ. ಮೊದಲು 4×4 ಚೌಕವನ್ನು ನಿಯಮದಂತೆ ತುಂಬಿ. ಹೀಗೆ ತುಂಬಲು ಒಟ್ಟು 576 ರೀತಿಗಳಿವೆ, ಆದ್ದರಿಂದ ಒಂದೇ ಚೌಕವನ್ನು ಮತ್ತೆಮತ್ತೆ ಬಳಸುವ ಅಗತ್ಯ ಬೀಳುವುದಿಲ್ಲ. ಆಮೇಲೆ ಗುಂಪುಗಳ ಗೆರೆ ಎಳೆಯಿರಿ, ಎರಡು ಮನೆಯವೇ ಹೆಚ್ಚಿರಲಿ. ಕಳೆಯುವುದನ್ನೂ ಭಾಗಿಸುವುದನ್ನೂ ಎರಡು ಮನೆಯ ಗುಂಪಿಗೆ ಮಾತ್ರ ಕೊಡಿ. ಮೂರು ಮನೆಗೆ '1−' ಎಂದರೆ ಯಾವುದರಲ್ಲಿ ಯಾವುದನ್ನು ಮೊದಲು ಕಳೆಯಬೇಕು ಎಂಬ ಜಗಳ ಶುರುವಾಗುತ್ತದೆ. ಸುಳಿವು ಬರೆದಾದ ಮೇಲೆ ಉತ್ತರವನ್ನು ಮುಚ್ಚಿಟ್ಟು, ಖಾಲಿ ಚೌಕವನ್ನು ನೀವೇ ಮೊದಲಿನಿಂದ ಬಿಡಿಸಿ. ಎಲ್ಲಾದರೂ 'ಇದೂ ಆಗುತ್ತೆ, ಅದೂ ಆಗುತ್ತೆ' ಎಂದು ಕೊನೆಯವರೆಗೂ ಉಳಿದರೆ ಆ ಪಜಲ್‌ಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ.

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕೊನೆಯ ಸಾಲಿನ 5+ ಮತ್ತು 1 ಎರಡನ್ನೂ ಸೇರಿಸಿ ಖ4, ಗ4, ಘ4ಕ್ಕೆ ಒಟ್ಟಾಗಿ 6+ ಎಂದು ಕೊಟ್ಟರೆ ನೋಡಲು ಇನ್ನೂ ಚೆಂದ. ಆದರೆ ಆಗ ಉತ್ತರ ಮೂರಾಗುತ್ತವೆ! ಮೇಲಿನದ್ದು ಒಂದು, ಉಳಿದೆರಡು ಇವು:

2 4 3 1
1 3 4 2
3 1 2 4
4 2 1 3

2 4 3 1
1 3 4 2
3 2 1 4
4 1 2 3

ಈ ಎರಡರಲ್ಲಿ ಖ3, ಗ3, ಖ4, ಗ4 ನಾಲ್ಕು ಮನೆಗಳನ್ನು ನೋಡಿ. 1, 2 ಕೆಳಗೆ 2, 1. ಇಲ್ಲವೇ 2, 1 ಕೆಳಗೆ 1, 2. ಎರಡು ಅಂಕಿಗಳು ಚೌಕಾಕಾರವಾಗಿ ಅದಲುಬದಲಾದರೂ ಅಡ್ಡಸಾಲು ಕೆಡುವುದಿಲ್ಲ, ಕಂಬಸಾಲು ಕೆಡುವುದಿಲ್ಲ. ಗುಂಪುಗಳೂ ಅಡ್ಡಡ್ಡವಾಗಿಯೇ ಇರುವುದರಿಂದ ಮೊತ್ತ, ಗುಣಲಬ್ಧ ಯಾವುದೂ ಬದಲಾಗುವುದಿಲ್ಲ. ಪಜಲ್ ಮಾಡಿದ ಮೇಲೆ ಇಂಥ ಅದಲುಬದಲು ಚೌಕ ಎಲ್ಲಾದರೂ ಇದೆಯೇ ಎಂದು ಹುಡುಕುವುದೇ ಮುಖ್ಯವಾದ ತಪಾಸಣೆ. ಇದ್ದರೆ ಅದರಲ್ಲಿ ಒಂದು ಮನೆಯನ್ನು ಬಿಡಿ ಅಂಕಿಯಾಗಿ ಕೊಡಿ, ಅಥವಾ ಒಂದು ಗುಂಪನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ. ಇಲ್ಲಿ ತೊಡಕು ಇನ್ನೂ ಸ್ವಲ್ಪ ದೊಡ್ಡದು, ಘ ಕಂಬದ 1 ಮತ್ತು 3 ಕೂಡ ಸ್ಥಾನ ಬದಲಿಸಿವೆ. ಘ4ರಲ್ಲಿ 1 ಎಂದು ಕೊಟ್ಟಾಗ ಎರಡೂ ಒಟ್ಟಿಗೆ ಬಗೆಹರಿಯುತ್ತವೆ.

ಉತ್ತರ ಒಂದಕ್ಕಿಂತ ಹೆಚ್ಚಿದ್ದರೆ ಏನಾಗುತ್ತದೆ ಗೊತ್ತೇ? ಸರಿಯಾಗಿ ಯೋಚಿಸುವ ಮಗು 'ಇದಕ್ಕೆ ಮೇಲೆ ಹೋಗಲು ಕಾರಣವೇ ಸಿಗುತ್ತಿಲ್ಲ' ಎಂದು ಅಲ್ಲೇ ನಿಂತುಬಿಡುತ್ತದೆ. ಊಹೆ ಮಾಡುವ ಮಗು ತುಂಬಿ ಮುಗಿಸುತ್ತದೆ. ನಾವು ಊಹೆಗೆ ಬೆನ್ನು ತಟ್ಟಿದ ಹಾಗಾಗುತ್ತದೆ. ಗಟ್ಟಿ ತರಗತಿಯಾದರೆ ಬೇಕೆಂದೇ ಇಂಥದ್ದೊಂದನ್ನು ಕೊಟ್ಟು 'ಎಷ್ಟು ಉತ್ತರಗಳಿವೆ, ಎಲ್ಲವನ್ನೂ ಹುಡುಕಿ' ಎಂದು ಕೇಳಬಹುದು. ಆದರೆ ಅದನ್ನು ಮೊದಲೇ ಹೇಳಿಬಿಡಿ.

ನೋಡಿ ಬರೆಯುವ ತೊಂದರೆಗೆ ಒಂದು ಸುಲಭ ದಾರಿ ಇದೆ. ಒಂದೇ ಕೆನ್‌ಕೆನ್ ಅನ್ನು ಕಾಲು ಸುತ್ತು, ಅರ್ಧ ಸುತ್ತು, ಮುಕ್ಕಾಲು ಸುತ್ತು ತಿರುಗಿಸಿ, ಕನ್ನಡಿಯಲ್ಲಿ ಕಂಡಂತೆ ಮಗುಚಿ ಬರೆದರೆ ಒಟ್ಟು 8 ರೂಪಗಳು ಸಿಗುತ್ತವೆ. ಪಕ್ಕಪಕ್ಕದ ಬೆಂಚಿಗೆ ಬೇರೆಬೇರೆ ರೂಪ ಕೊಡಿ. ಕಷ್ಟದ ಮಟ್ಟ ಒಂದೇ, ಪಕ್ಕದವರ ಹಾಳೆ ನೋಡಿದರೆ ಪ್ರಯೋಜನವಿಲ್ಲ. ಸುಡೊಕುವಿನಲ್ಲಿ ಮಾಡುವಂತೆ 1ರ ಬದಲು 3, 3ರ ಬದಲು 1 ಎಂದು ಅಂಕಿ ಬದಲಿಸಲು ಮಾತ್ರ ಹೋಗಬೇಡಿ, ಇಲ್ಲಿ ಅಂಕಿಗೆ ಬೆಲೆ ಇದೆ, ಸುಳಿವುಗಳೆಲ್ಲ ಕೆಡುತ್ತವೆ. ಪ್ರತಿ ಅಂಕಿಯನ್ನೂ 5ರಿಂದ ಕಳೆದು ಹೊಸ ಚೌಕ ಮಾಡಬಹುದು: 1 ಇದ್ದಲ್ಲಿ 4, 2 ಇದ್ದಲ್ಲಿ 3. ಆಗ ಕಳೆಯುವ ಸುಳಿವುಗಳು ಹಾಗೇ ಉಳಿಯುತ್ತವೆ, ಎರಡು ಮನೆಯ 3+ ಎಂಬುದು 7+ ಆಗುತ್ತದೆ. ಗುಣಾಕಾರ, ಭಾಗಾಕಾರದ ಸುಳಿವುಗಳನ್ನು ಹೊಸದಾಗಿ ಲೆಕ್ಕ ಹಾಕಬೇಕು. 1, 2 ಇದ್ದ 2÷ ಗುಂಪು 4, 3 ಆಗಿ ಭಾಗವೇ ಹೋಗದಂತಾದರೆ ಅದನ್ನು 1− ಮಾಡಿಬಿಡಿ, ಮತ್ತು ಪಜಲನ್ನು ಇನ್ನೊಮ್ಮೆ ಬಿಡಿಸಿ ನೋಡಿ.

ಸೀಮೆಸುಣ್ಣ

ಬಹಳ ಉಪಕಾರವಾಯಿತು ಸರ್. ಮೂರು ಉತ್ತರದ ಉದಾಹರಣೆ ನೋಡಿದ ಮೇಲೆ ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂಬುದು ಅರ್ಥವಾಯಿತು. 7ನೇ ತರಗತಿಯ ಪೂರ್ಣಾಂಕಗಳಿಗೆ, ಬೀಜೋಕ್ತಿಗೆ ಏನು ಮಾಡಬಹುದು? ಅಕ್ಷರ ಹಾಕಿ ಕೂಡುವ ಪಜಲ್‌ಗಳು ಇಂಗ್ಲಿಷಿನಲ್ಲಿ ಬೇಕಷ್ಟು ಸಿಗುತ್ತವೆ, ಕನ್ನಡ ಅಕ್ಷರದಲ್ಲಿ ನಡೆಯುತ್ತವೆಯೇ?

ಉತ್ತರ 3: ಮಾಯಾಚೌಕ

ಚೆನ್ನಾಗಿಯೇ ನಡೆಯುತ್ತವೆ ಮೇಡಂ. ಇದನ್ನು ಬೋರ್ಡಿನ ಮೇಲೆ ಬರೆಯಿರಿ:

ಕಕ + ಮಮ + ಲಲ = ಕಮಲ

ಒಂದು ಅಕ್ಷರಕ್ಕೆ ಒಂದೇ ಅಂಕಿ, ಬೇರೆ ಅಕ್ಷರಕ್ಕೆ ಬೇರೆ ಅಂಕಿ, ಯಾವ ಸಂಖ್ಯೆಯೂ ಸೊನ್ನೆಯಿಂದ ಶುರುವಾಗಬಾರದು. ಬಿಡಿಸುವ ದಾರಿ ಹೀಗೆ. ಬಿಡಿಸ್ಥಾನದಲ್ಲಿ ಕ + ಮ + ಲ ಕೂಡಿದರೆ ಕೊನೆಗೆ ಲ ಬರಬೇಕು. ಅಂದರೆ ಕ + ಮ ಎಂಬುದು ಸೊನ್ನೆಯಲ್ಲಿ ಕೊನೆಯಾಗಬೇಕು. ಎರಡೂ ಸೊನ್ನೆಯಲ್ಲ, ಎರಡೂ ಬೇರೆ ಅಂಕಿಗಳಾದ್ದರಿಂದ ಅವುಗಳ ಮೊತ್ತ 17 ಮೀರದು. ಆದ್ದರಿಂದ ಕ + ಮ = 10. ಈಗ ಎಡಗಡೆ ಒಟ್ಟು ಮೊತ್ತ 11 × (10 + ಲ). ಲ ಎಷ್ಟೇ ದೊಡ್ಡದಾದರೂ ಇದು 209 ದಾಟದು. ಹಾಗಾದರೆ ಕ 1 ಅಥವಾ 2. ಕ = 2 ಆದರೆ ಮ = 8, ಉತ್ತರ 280ರ ಮೇಲೆ ಹೋಗುತ್ತದೆ, ಆಗದು. ಕ = 1, ಮ = 9. ಆಮೇಲೆ 110 + 11ಲ = 190 + ಲ, ಅಂದರೆ 10ಲ = 80, ಲ = 8. ತಾಳೆ ನೋಡಿ: 11 + 99 + 88 = 198.

ಸ್ಥಾನಬೆಲೆ, ದಶಕ, ಸರಳ ಸಮೀಕರಣ ಮೂರೂ ಇದರೊಳಗೇ ಬಂದವು. 'ಕಕ ಎಂದರೆ 11 × ಕ' ಎಂಬ ಹೆಜ್ಜೆಯಲ್ಲಿ ಬಹಳ ಮಕ್ಕಳು ಎಡವುತ್ತಾರೆ, ಕಕ ಎಂದರೆ ಕ × ಕ ಎಂದುಕೊಳ್ಳುತ್ತಾರೆ. ಬೀಜೋಕ್ತಿಯಲ್ಲಿ ab ಎಂದರೆ ಗುಣಾಕಾರ, ಇಲ್ಲಿ ಕಮ ಎಂದರೆ 10ಕ + ಮ. ಈ ವ್ಯತ್ಯಾಸವನ್ನು ಅಂದೇ ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಇಲ್ಲದಿದ್ದರೆ ಮುಂದಿನ ಬೀಜೋಕ್ತಿ ಪಾಠದಲ್ಲಿ ಗೊಂದಲವಾಗುತ್ತದೆ.

ಕನ್ನಡದಲ್ಲಿ ಮಾಡುವಾಗ ಗುಣಿತಾಕ್ಷರ, ಒತ್ತಕ್ಷರ ಇಲ್ಲದ ಪದಗಳನ್ನೇ ಆರಿಸಿ. ಕಮಲ, ಜನಕ, ನಗರ ಇಂಥವು. 'ಕ' ಮತ್ತು 'ಕಾ' ಎರಡೂ ಬಂದರೆ ಅವು ಒಂದೇ ಅಂಕಿಯೋ ಬೇರೆಯೋ ಎಂದು ಮಕ್ಕಳು ಕೇಳುತ್ತಾರೆ, ಗಣಿತ ಅಲ್ಲಿಗೇ ನಿಲ್ಲುತ್ತದೆ. ಒಟ್ಟು ಅಕ್ಷರಗಳು 10 ಮೀರಬಾರದು ಎಂಬುದು ಹೇಳಬೇಕಾಗಿಲ್ಲ. ಎನ್‌ಸಿಇಆರ್‌ಟಿಯ ಹೊಸ 7ನೇ ತರಗತಿ ಗಣಿತ ಪ್ರಕಾಶದಲ್ಲಿ ಸಮ–ಬೆಸ, ಮಾಯಾಚೌಕ (ಸಾಲು, ಕಂಬ, ಕರ್ಣ ಯಾವುದನ್ನು ಕೂಡಿದರೂ ಒಂದೇ ಮೊತ್ತ ಬರುವ ಚೌಕ), ಇಂಥ ಅಕ್ಷರ ಲೆಕ್ಕಗಳು ಮೂರೂ ಒಂದೇ ಅಧ್ಯಾಯದಲ್ಲಿವೆ. ನಿಮ್ಮ ಪಠ್ಯ ಬೇರೆಯಾದರೂ ಅಭ್ಯಾಸಕ್ಕೆ ಅಲ್ಲಿಂದ ತೆಗೆದುಕೊಳ್ಳಬಹುದು.

ಪೂರ್ಣಾಂಕಗಳಿಗೆ ಎರಡು ದಾರಿ. ಮೊದಲನೆಯದು, ಕೆನ್‌ಕೆನ್‌ನಲ್ಲೇ 1, 2, 3, 4 ಬದಲು −2, −1, 1, 2 ಹಾಕುವುದು. ಈಗ ಸಾಲಿನ ಮೊತ್ತ 0, ಗುಣಲಬ್ಧ 4. ಎರಡು ಮನೆಗೆ '−2×' ಎಂದರೆ −2, 1 ಅಥವಾ −1, 2. '2×' ಎಂದರೆ 1, 2 ಅಥವಾ −1, −2. ಎರಡು ಋಣ ಸಂಖ್ಯೆಗಳ ಗುಣಲಬ್ಧ ಧನ ಎಂಬುದನ್ನು ಮರೆತ ಮಗು ಎರಡನೆಯದನ್ನು ಬಿಟ್ಟುಬಿಡುತ್ತದೆ, ಪಜಲ್ ಮುಂದೆ ಹೋಗುವುದಿಲ್ಲ. '4−' ಎಂದರೆ 2, −2 ಮಾತ್ರ. ಇಲ್ಲಿ 'ದೊಡ್ಡದರಲ್ಲಿ ಚಿಕ್ಕದನ್ನು ಕಳೆ' ಎಂದಾಗ −2 ದೊಡ್ಡದು, −1 ಚಿಕ್ಕದು ಎಂದುಕೊಳ್ಳುವ ಮಕ್ಕಳು ತಕ್ಷಣ ಕಣ್ಣಿಗೆ ಬೀಳುತ್ತಾರೆ. ಭಾಗಾಕಾರವನ್ನು ಈ ಪಜಲ್‌ನಲ್ಲಿ ಬಿಟ್ಟೇಬಿಡಿ. ಯಾವುದರಿಂದ ಯಾವುದನ್ನು ಭಾಗಿಸುವುದೆಂಬ ಗೊಂದಲ ಚಿಹ್ನೆಯ ಜೊತೆ ಸೇರಿ ಹೆಚ್ಚಾಗುತ್ತದೆ.

ಎರಡನೆಯದು 3×3 ಮಾಯಾಚೌಕ. ಎಲ್ಲರಿಗೂ ಗೊತ್ತಿರುವ 1ರಿಂದ 9ರ ಚೌಕದಲ್ಲಿ ಪ್ರತಿ ಮನೆಯಿಂದ 5 ಕಳೆಯಿರಿ:

−3  2  1
4  0  −4
−1  −2  3

ಯಾವ ಕಡೆ ಕೂಡಿದರೂ 0. ಇದರ ನಾಲ್ಕೈದು ಮನೆ ಅಳಿಸಿ ಕೊಟ್ಟರೆ ಪೂರ್ಣಾಂಕ ಕೂಡುವ ಅಭ್ಯಾಸ. ಪ್ರತಿ ಮನೆಯನ್ನೂ 4ರಿಂದ ಭಾಗಿಸಿ ಕೊಟ್ಟರೆ ಭಿನ್ನರಾಶಿ ಅಭ್ಯಾಸ.

ಬೀಜೋಕ್ತಿಗೆ ಬಂದರೆ, 'ನಡುವಿನ ಮನೆ ಯಾವಾಗಲೂ ಸಾಲಿನ ಮೊತ್ತದ ಮೂರನೇ ಒಂದು ಭಾಗ, ಏಕೆ?' ಎಂಬ ಪ್ರಶ್ನೆಗೇ ಒಂದು ಪೀರಿಯಡ್ ಕೊಡಬಹುದು. ಸಾಲಿನ ಮೊತ್ತ S, ನಡುಮನೆ m ಎನ್ನಿ. ಎರಡು ಕರ್ಣ ಮತ್ತು ನಡುವಿನ ಕಂಬಸಾಲು, ಮೂರನ್ನೂ ಕೂಡಿದರೆ 3S. ಆ ಮೂರು ಗೆರೆಗಳಲ್ಲಿ ಬಂದ ಮನೆಗಳು ಯಾವುವು? ಮೇಲಿನ ಸಾಲು ಪೂರ್ತಿ, ಕೆಳಗಿನ ಸಾಲು ಪೂರ್ತಿ, ನಡುಮನೆ ಮೂರು ಸಲ. ಹಾಗಾಗಿ 3S = 2S + 3m, ಅಂದರೆ S = 3m. ಬೆರಳಿಟ್ಟು ಎಣಿಸಿದರೆ ಮಕ್ಕಳಿಗೇ ಕಾಣುತ್ತದೆ. ಇದು ಗೊತ್ತಿಲ್ಲದೆ ಮನಸ್ಸಿಗೆ ಬಂದ ಅಂಕಿಗಳನ್ನು ಹಾಕಿ 'ಪೂರ್ತಿಮಾಡಿ' ಎಂದು ಕೊಡುವ ಶಿಕ್ಷಕರ ಮಾಯಾಚೌಕಗಳು ಭಿನ್ನರಾಶಿಯಲ್ಲಿ ಸಿಕ್ಕಿಕೊಳ್ಳುವುದು ಇದಕ್ಕೇ. ಮೊತ್ತ 20 ಎಂದು ಕೊಟ್ಟರೆ ನಡುಮನೆ 20/3 ಆಗಲೇಬೇಕು. 3ರಿಂದ ಭಾಗವಾಗುವ ಮೊತ್ತವನ್ನೇ ಆರಿಸಿ.

4×4 ಬೇಕೆಂದರೆ ಖಜುರಾಹೋದ ಪಾರ್ಶ್ವನಾಥ ಬಸದಿಯಲ್ಲಿ ಕೆತ್ತಿರುವ ಚೌಕ ಕೊಡಿ:

7 12 1 14
2 13 8 11
16 3 10 5
9 6 15 4

ಸಾಲು, ಕಂಬ, ಕರ್ಣ ಎಲ್ಲ 34. ಅಷ್ಟಕ್ಕೇ ನಿಲ್ಲಬೇಡಿ, ಅಕ್ಕಪಕ್ಕದ ಯಾವುದೇ 2×2 ಮನೆಗಳನ್ನು ಕೂಡಿಸಿ ನೋಡಿ, ಅದೂ 34. ಇಂಥ ಚೌಕಗಳನ್ನು ಕಟ್ಟುವ ವಿಧಾನಗಳಿಗೆ ಗಣಿತಜ್ಞ ನಾರಾಯಣ ಪಂಡಿತ 1356ರ ತನ್ನ ಗಣಿತಕೌಮುದಿಯಲ್ಲಿ ಭದ್ರಗಣಿತ ಎಂಬ ಅಧ್ಯಾಯವನ್ನೇ ಇಟ್ಟಿದ್ದಾನೆ. ಮಕ್ಕಳಿಗೆ ಹೇಳಲೇಬೇಕಾದ ವಿಷಯ ಇದು.

ಉತ್ತರ 4: ಹಿಂದಿನ ಬೆಂಚು

ಪಜಲ್‌ಗಳ ಬಗ್ಗೆ ಎಲ್ಲ ಬಂತು, ಪೀರಿಯಡ್ ನಡೆಸುವ ಬಗ್ಗೆ ಸ್ವಲ್ಪ.

ಪ್ರಿಂಟರ್ ಬೇಕಾಗಿಲ್ಲ. ಎ4 ಹಾಳೆಯ ಮೇಲೆ 5 ಸೆಂ.ಮೀ. ಮನೆಗಳ 4×4 ಚೌಕ ಸರಿಯಾಗಿ ಹಿಡಿಸುತ್ತದೆ, 20 ಸೆಂ.ಮೀ. ಆಯಿತು. ಹಳೆಯ ಲಗ್ನಪತ್ರಿಕೆಗಳನ್ನು 4 ಸೆಂ.ಮೀ. ಚೌಕವಾಗಿ ಕತ್ತರಿಸಿ 1, 2, 3, 4 ತಲಾ ನಾಲ್ಕು, ಒಟ್ಟು 16 ಬಿಲ್ಲೆ ಮಾಡಿ. ಇಬ್ಬರಿಗೆ ಒಂದು ಸೆಟ್. ಗುಂಪಿನ ಗೆರೆಗಳನ್ನು ಬೋರ್ಡ್ ನೋಡಿ ಪೆನ್ಸಿಲ್‌ನಲ್ಲಿ ಎಳೆದುಕೊಳ್ಳಲಿ. ಬಿಲ್ಲೆ ಸರಿಸುವುದು ಸುಲಭ, ರಬ್ಬರಿನಿಂದ ಉಜ್ಜಿ ಹಾಳೆ ಹರಿಯುವುದಿಲ್ಲ. ಅದಕ್ಕಿಂತ ಮುಖ್ಯ, ಒಂದೇ ಬಿಲ್ಲೆಗೆ ಇಬ್ಬರು ಕೈ ಹಾಕಿದಾಗ 'ಇಲ್ಲಿ ಏಕೆ?' ಎಂಬ ಮಾತು ತಾನಾಗಿಯೇ ಬರುತ್ತದೆ. 6×6ಕ್ಕೆ ಬಿಲ್ಲೆ ಬೇಡ, ಚೌಕುಳಿ ಪುಸ್ತಕವೇ ಸರಿ.

ಇಬ್ಬರಿಗೊಂದು ನಿಯಮ ಇಡಿ: ಒಬ್ಬರು ಕಾರಣ ಹೇಳಬೇಕು, ಇನ್ನೊಬ್ಬರು ಬಿಲ್ಲೆ ಇಡಬೇಕು. ಕಾರಣ ಒಪ್ಪಿಗೆಯಾಗದಿದ್ದರೆ ಇಡುವಂತಿಲ್ಲ. ನಾಲ್ಕು ಬಿಲ್ಲೆಗೊಮ್ಮೆ ಅದಲುಬದಲು. ಜಾಣ ಮಗು ಒಂದೇ ಎಲ್ಲ ತುಂಬಿ ಮುಗಿಸುವುದು ಇದರಿಂದ ನಿಲ್ಲುತ್ತದೆ.

ಮೊದಲು ಮುಗಿಸಿದವರಿಗೆ ಚಪ್ಪಾಳೆ, ಬಹುಮಾನ ಬೇಡವೇ ಬೇಡ. ಸ್ಪರ್ಧೆ ಇಟ್ಟ ದಿನ ಮಕ್ಕಳು ಸುಳಿವಿನ ಎಲ್ಲ ಸಾಧ್ಯತೆಗಳನ್ನು ಬರೆಯುವುದನ್ನು ಬಿಟ್ಟು ನೇರ ಅಂಕಿ ತುಂಬಲು ಹೋಗುತ್ತಾರೆ, ಮಗ್ಗಿ ನಿಧಾನವಾದ ಮಕ್ಕಳು ಪೆನ್ಸಿಲ್ ಕೆಳಗಿಟ್ಟುಬಿಡುತ್ತಾರೆ. ಬೇಗ ಮುಗಿಸಿದವರಿಗೆ ಚೌಕಮನೆ ಸರ್ ಹೇಳಿದ ಕೆಲಸ ಕೊಡಿ: ಒಂದು ಸುಳಿವು ಅಳಿಸಿದರೂ ಉತ್ತರ ಒಂದೇ ಉಳಿಯುತ್ತದೆಯೇ ನೋಡು. ಸುಲಭವೆಂದು ಕಾಣುತ್ತದೆ, ಪೀರಿಯಡ್ ಪೂರ್ತಿ ಬೇಕಾಗುತ್ತದೆ. ಮಗ್ಗಿ ಬರದ ಮಕ್ಕಳಿಗೆ 12ರ ಒಳಗಿನ ಗುಣಲಬ್ಧಗಳ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಲು ಬಿಡಿ. '12 ಆಗಬೇಕಾದರೆ ಯಾವ ಎರಡು?' ಎಂದು ಹಿಂದಿನಿಂದ ಮುಂದಕ್ಕೆ ಹುಡುಕುವಾಗ ಅದೇ ಮಗ್ಗಿ ತಲೆಗೆ ಹತ್ತುತ್ತದೆ.

40 ನಿಮಿಷದಲ್ಲಿ ಮೊದಲ 5 ನಿಮಿಷ ಚೌಕ ಬರೆದುಕೊಳ್ಳಲು, 20 ನಿಮಿಷ ಬಿಡಿಸಲು, ಉಳಿದ 15 ನಿಮಿಷ ಕಾರಣ ಹೇಳಲು. ಆ ಕೊನೆಯ ಭಾಗ ತಪ್ಪಿದರೆ ಪೀರಿಯಡ್ ಕೇವಲ ಸಮಯ ಕಳೆದಂತೆ. ಪಜಲ್ ಅರ್ಧಕ್ಕೇ ನಿಂತಿದ್ದರೂ ಪರವಾಗಿಲ್ಲ, 20 ನಿಮಿಷಕ್ಕೆ ನಿಲ್ಲಿಸಿ.

ಊಹೆಯೋ ಯೋಚನೆಯೋ ಎಂದು ನೋಡಲು ಪೂರ್ತಿ ತುಂಬಿದ ಚೌಕ ಸಾಲದು, ಅದರಿಂದ ಏನೂ ತಿಳಿಯದು. ಅರ್ಧ ತುಂಬಿದ ಚೌಕವನ್ನು ಬೋರ್ಡಿನ ಮೇಲೆ ಬರೆದು ಒಂದೇ ಮನೆ ತೋರಿಸಿ, 'ಇಲ್ಲಿ ಯಾವ ಅಂಕಿ, ಏಕೆ?' ಎಂದು ಕೇಳಿ. '… ಇರುವುದರಿಂದ … ಬರಲು ಸಾಧ್ಯವಿಲ್ಲ, ಆದ್ದರಿಂದ …' ಎಂಬ ವಾಕ್ಯವನ್ನು ಪೂರ್ತಿಮಾಡಿ ಚೀಟಿಯಲ್ಲಿ ಬರೆಯಲಿ. 40 ಚೀಟಿ ನೋಡಲು ಹತ್ತು ನಿಮಿಷ ಸಾಕು. ಸಾಧ್ಯತೆ ಬರೆದಿದ್ದಾರೆಯೇ, ಸರಿಯಾದ ಸಾಲನ್ನು ಉಲ್ಲೇಖಿಸಿದ್ದಾರೆಯೇ, ತೀರ್ಮಾನ ಕಾರಣಕ್ಕೆ ಹೊಂದುತ್ತದೆಯೇ, ಈ ಮೂರನ್ನೇ ನೋಡಿ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೆ ಇದೇ ಚೀಟಿಗಳನ್ನು ಕಡತದಲ್ಲಿಡಬಹುದು. ಇನ್ನೊಂದು, ಬೇಕೆಂದೇ ಒಂದು ಕಡೆ ತಪ್ಪು ಮಾಡಿ ಮುಂದುವರಿಸಿದ ಚೌಕ ಕೊಟ್ಟು 'ಮೊದಲ ತಪ್ಪು ಯಾವ ಮನೆಯಲ್ಲಿ?' ಎಂದು ಕೇಳಿ. ಕೊನೆಯಲ್ಲಿ ಘರ್ಷಣೆ ಕಾಣುವ ಮನೆಯನ್ನೇ ಹೆಚ್ಚಿನವರು ತೋರಿಸುತ್ತಾರೆ. ಅಲ್ಲಿಂದ ಹಿಂದಕ್ಕೆ ಹೋಗಿ ಕಾರಣವಿಲ್ಲದೆ ಇಟ್ಟ ಅಂಕಿಯನ್ನು ಹಿಡಿಯುವ ಮಗುವಿಗೆ 6×6 ಕೊಡಬಹುದು.

ಸೀಮೆಸುಣ್ಣ

ಎಲ್ಲರಿಗೂ ಧನ್ಯವಾದ. 6ನೇ ತರಗತಿಗೆ ಮೇಲಿನ 4×4, 7ನೇ ತರಗತಿಗೆ ಕಮಲ, ಹೀಗೆ ಶುರು ಮಾಡುತ್ತೇನೆ. −2, −1, 1, 2ರ ಕೆನ್‌ಕೆನ್ ಒಂದೆರಡು ತಯಾರಿಸಿ ಇಲ್ಲೇ ಹಾಕುತ್ತೇನೆ. ಒಂದೇ ಉತ್ತರ ಇದೆಯೇ ಎಂದು ದಯವಿಟ್ಟು ಬಿಡಿಸಿ ನೋಡಿ.

ಚೌಕಮನೆ

ಹಾಕಿ ಮೇಡಂ, ನೋಡುತ್ತೇವೆ. ಋಣ ಸಂಖ್ಯೆಯ ಕೆನ್‌ಕೆನ್‌ನಲ್ಲಿ ಒಂದು ವಿಷಯ ಮೊದಲೇ ಗಮನಿಸಿ: ಎಲ್ಲ ಅಂಕಿಗಳ ಚಿಹ್ನೆಯನ್ನೂ ಒಟ್ಟಿಗೆ ಬದಲಿಸಿದರೆ ಕಳೆಯುವ ಸುಳಿವುಗಳೂ ಎರಡು ಮನೆಯ ಗುಣಾಕಾರದ ಸುಳಿವುಗಳೂ ಹಾಗೇ ಉಳಿಯುತ್ತವೆ. ಆದ್ದರಿಂದ ಅವೆರಡನ್ನೇ ಬಳಸಿದರೆ ಪಜಲ್‌ಗೆ ಕನಿಷ್ಠ ಎರಡು ಉತ್ತರ ಖಂಡಿತ. ಮೊತ್ತ 0 ಅಲ್ಲದ ಒಂದು ಕೂಡುವ ಗುಂಪನ್ನಾದರೂ, ಇಲ್ಲವೇ ಒಂದು ಬಿಡಿ ಅಂಕಿಯನ್ನಾದರೂ ಸೇರಿಸಿಯೇ ಹಾಕಿ.